ಕೊಟ್ಟಿಗೆಯಿಂದ ಅಡುಗೆಮನೆಗೆ ಬಂದ ಸಾರು

ಮಾಗಿಯ ಚಳಿ ಕಾಲಿಟ್ಟ ಮೇಲೆ ಕಡೂರು, ಅಜ್ಜಂಪುರ, ತರೀಕೆರೆಯ ಬಯಲು ಹಳ್ಳಿಗಳಲ್ಲಿ ರಾತ್ರಿ ಊಟಕ್ಕೆ ಏನು ಎಂದು ಯಾರೂ ಹೆಚ್ಚು ಯೋಚಿಸುವುದಿಲ್ಲ. ಬಿಸಿ ರಾಗಿಮುದ್ದೆ, ಅದು ಅರ್ಧ ಮುಳುಗುವಷ್ಟು ಹುರುಳಿ ಕಟ್ಟಿನ ಸಾರು, ಮೇಲೊಂದು ಈರುಳ್ಳಿ. ಅವರೆಕಾಯಿ ಬಂದ ದಿನ ಅವರೆಕಾಳಿನ ಸಾರು, ಸೊಪ್ಪು ಸಿಕ್ಕ ದಿನ ಬಸ್ಸಾರು. ಆದರೆ ಚಳಿಗಾಲದ ಸಾರು ಎಂದರೆ ಮೊದಲು ನೆನಪಾಗುವುದು ಕಪ್ಪುಕೆಂಪು ಬಣ್ಣದ, ಬೆಳ್ಳುಳ್ಳಿ ಒಗ್ಗರಣೆಯ ಕಟ್ಟಿನ ಸಾರೇ. ಈ ಸಾರು ಇಲ್ಲಿ ಏಕೆ ಬೇರೂರಿತು ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಹುರುಳಿ ಉಷ್ಣ, ಚಳಿಗೆ ಒಳ್ಳೆಯದು ಎಂಬುದು ಒಂದು. ಬೇಳೆ ಕೊಳ್ಳಲಾಗದ ಬಡವರು ಮಾಡಿಕೊಂಡ ದಾರಿ ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ, ಆದರೆ ಎರಡೂ ಸಾಲವು. ಈ ಸಾರಿನ ಹಿಂದಿರುವುದು ಎತ್ತು ಎಂಬುದು ನನ್ನ ವಾದ. ಚಳಿಗಾಲದಲ್ಲಿ ದುಡಿಯುವ ಎತ್ತಿಗೆಂದು ಒಲೆಯ ಮೇಲೆ ಕುದಿಯುತ್ತಿದ್ದ ಹುರುಳಿಯಿಂದ ಬಸಿದ ನೀರೇ ಮನೆಮಂದಿಯ ಸಾರಾಯಿತು. ಅಡುಗೆಮನೆಯ ಚರಿತ್ರೆಯನ್ನು ಇಲ್ಲಿ ಕೊಟ್ಟಿಗೆಯಿಂದ ಓದಬೇಕು.

ಮೊದಲು ನೆಲವನ್ನು ನೋಡೋಣ. ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದರು. ಬಿ.ಎಲ್. ರೈಸ್ 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದ ಮೇಲೂ ಅದೇ ಹೆಸರಿದೆ. ಕಾಫಿ, ಏಲಕ್ಕಿ, ಮೆಣಸು ಎಂದು ಹೆಸರಾದ ಜಿಲ್ಲೆಗೆ ಒಣ ಬಯಲಿನ ಊರೊಂದರ ಹೆಸರಿತ್ತು ಎಂಬುದನ್ನು ನಾವು ಮರೆತುಬಿಟ್ಟಿದ್ದೇವೆ. ಬಾಬಾಬುಡನ್ ಬೆಟ್ಟದ ಸಾಲು ಮುಂಗಾರನ್ನು ತಡೆದು ನಿಲ್ಲಿಸುತ್ತದೆ. ಬೆಟ್ಟದಾಚೆ ಶೃಂಗೇರಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ದಾಟಿದರೆ, ಬೆಟ್ಟದ ಮರೆಗೆ ಬಿದ್ದ ಕಡೂರಿಗೆ ಸಿಗುವುದು ಸುಮಾರು 600. ತರೀಕೆರೆ ಇವೆರಡರ ನಡುವಿನದು: ಅದರ ಪಶ್ಚಿಮದ ಅಂಚು ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಯ ಕಾಡಿಗೆ ತಾಗುತ್ತದೆ, ಪೂರ್ವದ ಅಂಚು ಬಯಲಿಗೆ ಇಳಿಯುತ್ತದೆ. ಈಚಿನ ವರ್ಷಗಳವರೆಗೆ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರದ್ದು ಬಹುಪಾಲು ಬಯಲು, ಈರುಳ್ಳಿಗೆ ಹೆಸರಾದ ಸೀಮೆ. ಇಂಥ ನೆಲದಲ್ಲಿ ಮುಂಗಾರಿಗೆ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು. ಉತ್ತರೆ, ಹಸ್ತ ಮಳೆಗೆ ಹುರುಳಿ. ಮುಂಗಾರು ಕೈಕೊಟ್ಟು ರಾಗಿ ಹೋದ ವರ್ಷ ಆ ಹೊಲಕ್ಕೂ ಹುರುಳಿಯೇ. ಬಿತ್ತಿ ಬಂದರೆ ಆಯಿತು, ಗೊಬ್ಬರ ಬೇಡುವುದಿಲ್ಲ, ಒಂದೆರಡು ಹದ ಮಳೆ ಮತ್ತು ಇಬ್ಬನಿಯಲ್ಲಿ ಬೆಳೆದು ಪುಷ್ಯದ ಹೊತ್ತಿಗೆ ಕಣಕ್ಕೆ ಬರುತ್ತದೆ. ರಾಗಿ, ಅವರೆ, ಹುರುಳಿ ಈ ಮೂರೂ ಕೈಸೇರುವುದು ಚಳಿಯ ತಿಂಗಳುಗಳಲ್ಲೇ. ಚಳಿಗಾಲದ ಊಟಕ್ಕೆ ಏನು ಒದಗುತ್ತದೆ ಎಂಬುದು ಹೊಲದಲ್ಲೇ ತೀರ್ಮಾನವಾಗಿರುತ್ತಿತ್ತು.

ಈ ಬೆಳೆ ನಿನ್ನೆ ಮೊನ್ನೆಯದಲ್ಲ. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಕಾಳುಗಳನ್ನು ಜಾಲಿಸಿ ಪರೀಕ್ಷಿಸಿದ ಸಸ್ಯ ಪುರಾತತ್ತ್ವಜ್ಞರು ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮೊದಲಾದ ಕಡೆ ಹುರುಳಿಯನ್ನು ಗುರುತಿಸಿದ್ದಾರೆ. ಅಂದರೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ಭಾಗದ ಜನ ಹುರುಳಿ ಬೆಳೆದು ತಿನ್ನುತ್ತಿದ್ದರು. ಅದೇ ನೆಲೆಗಳ ಜನ ದನ ಸಾಕುವವರೂ ಆಗಿದ್ದರು. ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳು ಅವರು ಒಟ್ಟಿ ಸುಟ್ಟ ಸಗಣಿಯವು. ಹುರುಳಿ ಮತ್ತು ದನ ಒಂದೇ ಅಂಗಳದಲ್ಲಿ ಇದ್ದದ್ದು ಅಷ್ಟು ಹಳೆಯ ಸಂಗತಿ. ಆ ಕಾಲದಲ್ಲೇ ದನಕ್ಕೆ ಹುರುಳಿ ಬೇಯಿಸುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಮನುಷ್ಯನ ಕಾಳನ್ನು ಎತ್ತಿನ ಬಾನಿಗೂ ಹಾಕುವ ಪದ್ಧತಿ ಬರಲು ಎತ್ತು ನೊಗಕ್ಕೆ ಬಿದ್ದು, ಗಾಡಿ ಎಳೆದು, ಮನೆಯ ದುಡಿಮೆಗೆ ಆಧಾರವಾಗಬೇಕು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ (ಅದು ಅಚ್ಚಾದದ್ದು 1807ರಲ್ಲಿ) ರಾಗಿಯನ್ನು ಒಣಭೂಮಿಯ ಮುಖ್ಯ ಬೆಳೆಯೆಂದೂ ಹುರುಳಿಯನ್ನು ಅದರ ಜೊತೆಯ ಬೆಳೆಗಳಲ್ಲಿ ಒಂದೆಂದೂ ದಾಖಲಿಸಿದ್ದಾನೆ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುವುದನ್ನೂ ಬರೆದಿದ್ದಾನೆ. ಮನೆಯಲ್ಲಿ ರಾಗಿ ಇರುತ್ತಿತ್ತು. ಪ್ರಶ್ನೆ ಯಾವಾಗಲೂ ಇದ್ದದ್ದು ಮುದ್ದೆಯನ್ನು ಯಾವುದರಲ್ಲಿ ಅದ್ದಿ ನುಂಗುವುದು ಎಂಬುದು.

ಈಗ ಎತ್ತಿನ ವಿಷಯಕ್ಕೆ ಬರೋಣ. ಕಡೂರು ಸೀಮೆಯಷ್ಟು ದನದ ಚರಿತ್ರೆ ಇರುವ ಬಯಲು ಕರ್ನಾಟಕದಲ್ಲಿ ಹೆಚ್ಚಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ದನದ ಇಲಾಖೆಗೆ ಟಿಪ್ಪು ಸುಲ್ತಾನ ಅಮೃತ ಮಹಲ್ ಎಂದು ಹೆಸರಿಟ್ಟ. ಹಾಲಿಗಿಂತ ಸೈನ್ಯಕ್ಕೆ ಬೇಕಾಗಿದ್ದದ್ದು ತೋಪು ಮತ್ತು ಸಾಮಾನು ಎಳೆಯುವ ಚುರುಕಿನ ಎತ್ತು. ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಝೆಟಿಯರುಗಳು ಹೇಳುತ್ತವೆ. ಹಿಂಡುಗಳು ಮೇಯಲು ಮೀಸಲಾದ ಕಾವಲುಗಳು ಇಂದಿಗೂ ಕಡೂರು, ಬೀರೂರು, ಅಜ್ಜಂಪುರದ ಸುತ್ತ ಹರಡಿಕೊಂಡಿವೆ. ಅಮೃತ ಮಹಲ್ ತಳಿ ಸಂವರ್ಧನೆಯ ಕೇಂದ್ರ ಅಜ್ಜಂಪುರದಲ್ಲಿ 1929ರಲ್ಲಿ ಆರಂಭವಾಯಿತು. ಕಾವಲಿನಲ್ಲಿ ಮೇಯುವ ಹಿಂಡಿಗೆ ಹುಲ್ಲೇ ಆಧಾರ, ಅದಕ್ಕೆ ಹುರುಳಿ ಹಾಕುವವರಿಲ್ಲ. ಆದರೆ ಹೋರಿ ಪಳಗಿ ನೊಗ ಹೊತ್ತಿತೆಂದರೆ ಲೆಕ್ಕ ಬದಲಾಗುತ್ತದೆ. ದಿನವಿಡೀ ದುಡಿಯುವ ಪ್ರಾಣಿಗೆ ಒಣ ರಾಗಿಹುಲ್ಲು ಸಾಲದು. ಹಸಿ ಹುರುಳಿ ಗಟ್ಟಿ, ಅದನ್ನು ಹಾಗೇ ಹಾಕಿದರೆ ಪೂರಾ ಅರಗುವುದಿಲ್ಲ. ಪ್ರೋಟೀನ್ ಅರಗದಂತೆ ತಡೆಯುವ ಅಂಶಗಳು ಹಸಿ ಕಾಳಿನಲ್ಲಿವೆ, ಬೇಯಿಸಿದರೆ ಅವು ಹೋಗುತ್ತವೆ ಎಂಬುದನ್ನು ಇಂದು ಪ್ರಯೋಗಾಲಯ ಹೇಳುತ್ತದೆ. ರೈತ ಅದನ್ನು ಎತ್ತಿನ ಮೈಯಲ್ಲಿ ನೋಡಿ ತಿಳಿದಿದ್ದ. ಹಾಗಾಗಿ ದುಡಿಯುವ ಎತ್ತಿಗೆ ಬೇಯಿಸಿದ ಹುರುಳಿ, ಅದರ ಜೊತೆ ಹಿಂಡಿ, ಬೂಸಾ.

ದುಡಿಮೆ ಯಾವಾಗ ಹೆಚ್ಚು? ಉಳುಮೆಯ ದಿನಗಳಲ್ಲಿ ಎಂದು ಪಟ್ಟಣದವರು ಹೇಳಬಹುದು. ಬಯಲಿನಲ್ಲಿ ಚಳಿಗಾಲವೂ ಅಷ್ಟೇ ಭಾರದ ಕಾಲ. ಕೊಯ್ದ ರಾಗಿಯನ್ನು ಹೊಲದಿಂದ ಗಾಡಿಯಲ್ಲಿ ಹೇರಿ ತಂದು ಮೆದೆ ಒಟ್ಟಬೇಕು; ಆಮೇಲೆ ಕಣದಲ್ಲಿ ಹರಡಿ ರೋಣಗಲ್ಲು ಎಳೆಯಿಸಬೇಕು; ಕಾಳು, ಹುಲ್ಲು, ಹೊಟ್ಟು ಎಲ್ಲವನ್ನೂ ಸಾಗಿಸಬೇಕು. ಸುಗ್ಗಿ ಮುಗಿಯಿತು ಎನ್ನುವಷ್ಟರಲ್ಲಿ ಬಾಡಿಗೆ ಗಾಡಿಯ ಕೆಲಸ. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದ ಕಡೆಗಿನ ರೈಲುದಾರಿ ಕಡೂರು, ಬೀರೂರು, ಅಜ್ಜಂಪುರದ ಮೇಲೆ ಹಾದುಹೋಯಿತು. ಹತ್ತು ವರ್ಷದಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ ಹಳಿ ಬಿತ್ತು. ರೈಲು ಬಂದ ಮೇಲೆ ಎತ್ತಿನ ಕೆಲಸ ಕಡಿಮೆಯಾಯಿತು ಎಂದು ಭಾವಿಸಬಾರದು. ದೂರದ ಪ್ರಯಾಣ ತಪ್ಪಿತು, ನಿಲ್ದಾಣಕ್ಕೆ ಮಾಲು ತರುವ, ನಿಲ್ದಾಣದಿಂದ ಸಂತೆಗೆ ಒಯ್ಯುವ ಗಾಡಿಗಳು ಹೆಚ್ಚಿದವು. ಅಡಿಕೆ, ಕೊಬ್ಬರಿ, ಈರುಳ್ಳಿ ಎಲ್ಲವೂ ಎತ್ತಿನ ಬೆನ್ನಿಗೇ ಬಿದ್ದವು. ಚಳಿಗಾಲದ ಕೊನೆಗೆ ಅಂತರಘಟ್ಟೆಯ ಜಾತ್ರೆ. ಸುತ್ತಿನ ತಾಲ್ಲೂಕುಗಳಿಂದ ಸಿಂಗರಿಸಿದ ಗಾಡಿಗಳಲ್ಲಿ ಕುಟುಂಬ ಸಮೇತ ಹೊರಟು, ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಹಿಂದಿಕ್ಕುತ್ತ ಹೋಗುವ ಆ ಜಾತ್ರೆಗೆ ಎತ್ತನ್ನು ವಾರಗಟ್ಟಲೆ ಮುಂಚಿನಿಂದ ಮೇಯಿಸಿ ಮೈದುಂಬಿಸಬೇಕು. ಹುರುಳಿ ಕಣದಿಂದ ಮನೆಗೆ ಬರುವುದೂ, ಎತ್ತಿಗೆ ಹುರುಳಿ ಬೇಕಾಗುವುದೂ ಒಂದೇ ತಿಂಗಳುಗಳಲ್ಲಿ ಕೂಡಿಬಂದವು. ನನ್ನ ವಾದ ನಿಂತಿರುವುದು ಈ ಕೂಡುವಿಕೆಯ ಮೇಲೆ.

ಅಡುಗೆಯನ್ನೇ ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹುರುಳಿಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ತೊಳೆದು, ಕಾಳಿನ ನಾಲ್ಕೈದು ಪಟ್ಟು ನೀರು ಹಾಕಿ ಒಲೆಗೇರಿಸುತ್ತಾರೆ. ಸೌದೆಯ ಉರಿಯಲ್ಲಿ ಅದು ಗಂಟೆಗಟ್ಟಲೆ ಬೇಯಬೇಕು. ಮೊದಲು ನೊರೆ ಏಳುತ್ತದೆ, ಆಮೇಲೆ ನೀರು ಮೆಲ್ಲಗೆ ಕೆಂಪಾಗಿ ಕಂದಾಗಿ ಕೊನೆಗೆ ಕಪ್ಪಿಗೆ ತಿರುಗುತ್ತದೆ. ಕಾಳು ಬೆರಳಲ್ಲಿ ಹಿಸುಕಿದರೆ ಹಿಟ್ಟಾಗುವ ಹದಕ್ಕೆ ಬಂದಾಗ ಕಟ್ಟನ್ನು ಬೇರೆ ಪಾತ್ರೆಗೆ ಬಸಿಯುತ್ತಾರೆ. ಒಂದು ಹಿಡಿ ಬೆಂದ ಕಾಳನ್ನು ಮಾತ್ರ ಎತ್ತಿಟ್ಟುಕೊಂಡು, ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಂದಿಷ್ಟು ಕಾಯಿತುರಿಯ ಜೊತೆ ಒರಳಲ್ಲಿ ರುಬ್ಬುತ್ತಾರೆ. ಆ ಖಾರವನ್ನು ಕಟ್ಟಿಗೆ ಕಲಸಿ, ಹುಣಿಸೆರಸ, ಉಪ್ಪು ಹಾಕಿ ಕುದಿಸಿ, ಜಜ್ಜಿದ ಬೆಳ್ಳುಳ್ಳಿ ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾರು. ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಮತ್ತೆ ಕುದಿಸಿದರೆ ರುಚಿ ಇನ್ನೂ ಏರುತ್ತದೆ. ಈ ಸಾರನ್ನು ಮಾಡಿದ ದಿನಕ್ಕಿಂತ ಮಾರನೆಯ ದಿನ ಉಂಡವರು ಹೆಚ್ಚು ಮೆಚ್ಚುತ್ತಾರೆ. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಮನೆಯ ಏಳೆಂಟು ಜನಕ್ಕೆ ಸಾಲುವಷ್ಟು ದಟ್ಟ ಕಟ್ಟು ಇಳಿಯಬೇಕಾದರೆ ಸೇರುಗಟ್ಟಲೆ ಕಾಳು ಬೇಯಬೇಕು. ಸಾರಿಗೆ ಹೋದದ್ದು ಒಂದು ಹಿಡಿ. ಉಳಿದ ಕಾಳನ್ನು ತಿನ್ನುವವರು ಯಾರು? ಒಂದಷ್ಟು ಉಸಲಿಯಾಯಿತು ಎನ್ನೋಣ. ದಿನ ಬಿಟ್ಟು ದಿನ ಒಂದು ಸೇರು ಉಸಲಿಯನ್ನು ಯಾವ ಮನೆಯೂ ತಿಂದು ಮುಗಿಸಲಾರದು. ಕಾಳನ್ನು ಬದಿಗಿಟ್ಟು ನೀರನ್ನಷ್ಟೇ ಉಣ್ಣುವ ಅಡುಗೆ ಹುಟ್ಟಬೇಕಾದರೆ ಆ ಕಾಳಿಗೆ ಬೇರೊಬ್ಬ ಗಿರಾಕಿ ಇರಲೇಬೇಕು. ಆ ಗಿರಾಕಿ ಕೊಟ್ಟಿಗೆಯಲ್ಲಿ ನಿಂತಿದ್ದ.

ಇದಕ್ಕೆ ನಮ್ಮ ಹಬ್ಬದ ಅಡುಗೆಯಲ್ಲೇ ಸಾಕ್ಷಿ ಇದೆ. ಯುಗಾದಿಗೆ ಹೋಳಿಗೆ ಮಾಡುವಾಗ ಬೇಳೆ ಬೇಯಿಸಿ ಬಸಿದು ಹೂರಣಕ್ಕೆ ತೆಗೆದುಕೊಳ್ಳುತ್ತಾರೆ. ಬಸಿದ ಕಟ್ಟಿನಿಂದ ಹೋಳಿಗೆ ಸಾರು ಮಾಡುತ್ತಾರೆ. ಆ ಸಾರನ್ನು ಮಾಡಲೆಂದೇ ಯಾರೂ ಅಷ್ಟು ಬೇಳೆ ಬೇಯಿಸುವುದಿಲ್ಲ. ಬೇಳೆ ಹೂರಣಕ್ಕೆ ಹೋಗುವುದರಿಂದ ಕಟ್ಟು ಉಳಿಯುತ್ತದೆ, ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಸಾರಾಗುತ್ತದೆ. ಹುರುಳಿಯದ್ದೂ ಇದೇ ನಡೆ. ಹಬ್ಬದ ದಿನ ಬೇಳೆ ಹೋಳಿಗೆಗೆ, ಬರಿದಿನ ಕಾಳು ಎತ್ತಿಗೆ. ತೊವ್ವೆ, ಹುಳಿ, ಕೂಟುಗಳಲ್ಲಿ ಬೇಳೆ ಸಾರಿನೊಳಗೇ ಇರುತ್ತದೆ, ಅಲ್ಲಿ ಬಸಿಯುವ ಮಾತಿಲ್ಲ. ಬಸ್ಸಾರಿನಲ್ಲಿ ಬಸಿಯುತ್ತಾರೆ ನಿಜ, ಆದರೆ ಬಸಿದ ಸೊಪ್ಪು ಕಾಳು ಅದೇ ಊಟದ ಪಲ್ಯವಾಗಿ ತಟ್ಟೆಗೆ ಬರುತ್ತದೆ. ಅದು ಮನೆಯವರು ತಿಂದು ಮುಗಿಸುವಷ್ಟೇ ಪ್ರಮಾಣದ್ದು, ಅದರ ನೀರೂ ತೆಳು. ಹುರುಳಿ ಕಟ್ಟಿನ ಕಪ್ಪು ದಟ್ಟತನ ಬರುವುದು ಕಾಳಿನ ಪ್ರಮಾಣದಿಂದ, ಆ ಪ್ರಮಾಣ ಬಂದದ್ದು ಎತ್ತಿನ ಹೊಟ್ಟೆಯಿಂದ. ಎತ್ತಿನ ಪಾಲನ್ನು ಮನುಷ್ಯ ಕದ್ದಂತಾಯಿತಲ್ಲವೇ ಎಂದರೆ, ಹಾಗಲ್ಲ. ಕಾಳಿನ ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ; ನೀರಿಗೆ ಇಳಿಯುವುದು ಬಣ್ಣ, ಒಗರು, ಒಂದಿಷ್ಟು ಪಿಷ್ಟ, ಲವಣ. ಮುಸುರೆಯ ಕಲಗಚ್ಚು ಅಡುಗೆಮನೆಯಿಂದ ಕೊಟ್ಟಿಗೆಗೆ ಹೋಗುತ್ತಿತ್ತು, ಹುರುಳಿಯ ಕಟ್ಟು ಕೊಟ್ಟಿಗೆಯ ಹಂಡೆಯಿಂದ ಅಡುಗೆಮನೆಗೆ ಬರುತ್ತಿತ್ತು. ಉಪ್ಪು, ಬೂಸಾ ಬೀಳುವ ಮುಂಚೆ ಕಟ್ಟನ್ನು ಬಸಿದುಕೊಳ್ಳುವುದು ಮನೆಯ ಹೆಂಗಸರ ಕ್ರಮ. ಈ ಕೊಡುಕೊಳ್ಳುವಿಕೆಯನ್ನು ಕಂಡುಕೊಂಡವರೂ ಅವರೇ, ಆದರೆ ಯಾವ ಗೆಝೆಟಿಯರೂ ಅವರ ಹೆಸರು ಹೇಳುವುದಿಲ್ಲ.

ಇನ್ನು ಆಕ್ಷೇಪಗಳು. ವೈದ್ಯದ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಗ್ರಂಥಾಧಾರವಿದೆ. ಚರಕಸಂಹಿತೆ ಕುಲತ್ಥವನ್ನು, ಅಂದರೆ ಹುರುಳಿಯನ್ನು, ಉಷ್ಣವೆಂದೂ ಕಫ, ಕೆಮ್ಮು, ಉಬ್ಬಸಗಳಿಗೆ ಹಿತವೆಂದೂ ಹೇಳುತ್ತದೆ. ಧಾನ್ಯದ ಕಟ್ಟನ್ನು ಯೂಷವೆಂದು ರೋಗಿಗೆ ಕೊಡುವುದೂ ಆಯುರ್ವೇದದಲ್ಲಿ ಹಳೆಯದು. ಹಾಗಾದರೆ ಚಳಿಗಾಲದ ಕಟ್ಟಿನ ಸಾರು ಈ ಜ್ಞಾನದ ಫಲವೇ ಅಲ್ಲವೇ? ನೆಗಡಿ ಕೆಮ್ಮಿನವರಿಗೆ ಮೆಣಸು ಹೆಚ್ಚು ಹಾಕಿ ಕಟ್ಟು ಕುಡಿಸುವ ರೂಢಿ ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಚರಕನ ಮಾತು ಇಡೀ ಭಾರತಕ್ಕೆ ಅನ್ವಯಿಸುತ್ತದೆ, ಚಳಿಯೂ ಉತ್ತರದಲ್ಲಿ ಇನ್ನೂ ಹೆಚ್ಚು. ಆದರೂ ಮುದ್ದೆಯ ಜೊತೆಗೆ ಬಸಿದ ಕಟ್ಟು ನಿತ್ಯದ ಊಟವಾದದ್ದು ದಖ್ಖನದ ಒಣ ಸೀಮೆಯಲ್ಲಿ. ಔಷಧಿಯಾಗಿದ್ದರೆ ಗುಟುಕಿನಷ್ಟು ಸಾಕಿತ್ತು, ಹಂಡೆಗಟ್ಟಲೆ ಬೇಕಿರಲಿಲ್ಲ. ವೈದ್ಯ ಈ ಸಾರಿಗೆ ಒಪ್ಪಿಗೆಯ ಮುದ್ರೆ ಒತ್ತಿತು. ಅದನ್ನು ದಿನವೂ ಒದಗಿಸಿದ್ದು ಮಾತ್ರ ಕೊಟ್ಟಿಗೆ.

ಬಡತನದ ವಾದಕ್ಕೆ ಹೆಚ್ಚು ಎಚ್ಚರದಿಂದ ಉತ್ತರಿಸಬೇಕು, ಏಕೆಂದರೆ ಅದರ ಹಿಂದೆ ನಿಜವಾದ ನೋವಿದೆ. 1876–78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ನಲುಗಿಹೋಯಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 41.8 ಲಕ್ಷಕ್ಕೆ ಇಳಿದಿತ್ತು. ಮಳೆಯನ್ನೇ ನಂಬಿದ ಬಯಲು ಸೀಮೆಗಳಲ್ಲಿ ಜನ ಹೆಚ್ಚು ಸತ್ತರು, ದನಗಳೂ ಸತ್ತವು. ಇಂಥ ನೆನಪಿರುವ ನಾಡಿನಲ್ಲಿ ಕಡಿಮೆ ಕಾಳಿನಿಂದ ಹೆಚ್ಚು ಜನರ ಊಟ ಸಾಗಿಸುವ ಯಾವ ಅಡುಗೆಯನ್ನೂ ಹಗುರವಾಗಿ ನೋಡಬಾರದು. ಆದರೆ ಕಟ್ಟಿನ ಸಾರು ಕಡಿಮೆ ಕಾಳಿನ ಅಡುಗೆಯಲ್ಲ, ಹೆಚ್ಚು ಕಾಳಿನದು. ಅದು ದೊರೆಯುವುದು ಸೇರುಗಟ್ಟಲೆ ಹುರುಳಿ ಬೇಯಿಸಬಲ್ಲ ಮನೆಯಲ್ಲಿ, ಅಂದರೆ ಜೋಡಿ ಎತ್ತು ಕಟ್ಟಿದ ಮನೆಯಲ್ಲಿ. ನೆಲವೂ ಎತ್ತೂ ಇಲ್ಲದವರ ಒಲೆಯ ಮೇಲೆ ಇದ್ದದ್ದು ಹೆಚ್ಚಾಗಿ ಉಪ್ಪುಸಾರು, ಸೊಪ್ಪಿನ ನೀರು, ಹುಣಿಸೆಯ ಗೊಜ್ಜು. ಅವರಿಗೆ ಕಟ್ಟಿನ ಸಾರು ಸಿಗುತ್ತಿದ್ದದ್ದು ಆಳಾಗಿ ದುಡಿದ ಮನೆಯಲ್ಲಿ, ಕೂಲಿಯ ಒಂದು ಭಾಗವಾಗಿ. ಸುಗ್ಗಿಯ ಆಳುಗಳಿಗೆ ಕಣದ ಹತ್ತಿರ ಮುದ್ದೆ ಸಾರು ಇಕ್ಕುವುದು ಒಕ್ಕಲುತನದ ವಾಡಿಕೆ. ಅಷ್ಟು ಜನಕ್ಕೆ ಬಡಿಸಬಲ್ಲ ಸಾರು ಎತ್ತಿನ ಹಂಡೆಯಿಂದಲೇ ಬರಬೇಕು. ಹೀಗಾಗಿ ಈ ಸಾರಿನಲ್ಲಿ ಹಳ್ಳಿಯ ಮೇಲು ಕೆಳಗೂ ಬೆರೆತಿದೆ. ಒಂದೇ ಹಂಡೆಯಿಂದ ಎತ್ತು, ಒಡೆಯ, ಆಳು ಮೂವರೂ ಉಂಡರು, ಆದರೆ ಮೂವರೂ ಒಂದೇ ಜಾಗದಲ್ಲಿ ಕುಳಿತು ಉಣ್ಣಲಿಲ್ಲ. ಬಡವರ ಊಟ ಎಂದು ಒಟ್ಟಾಗಿ ಕರೆದುಬಿಟ್ಟರೆ ಈ ವ್ಯತ್ಯಾಸ ಕಾಣದೆ ಹೋಗುತ್ತದೆ. ದನದ ಮೇವನ್ನು ತಿನ್ನುವವರು ಎಂದು ಬಯಲಿನವರನ್ನು ಹಂಗಿಸಿದವರಿಗೂ ಇದೇ ಉತ್ತರ ಸಾಕು.

ಮಲೆನಾಡಿನವರ ಆಕ್ಷೇಪ ಇನ್ನೊಂದು ಬಗೆಯದು. ಹುರುಳಿ ಕಟ್ಟು ನಮ್ಮದು, ಅದನ್ನು ಗಟ್ಟಿಯಾಗುವವರೆಗೂ ಇಂಗಿಸಿ ಮಳೆಗಾಲಕ್ಕೆ ಕಟ್ಟಿಡುವವರು ನಾವು ಎಂದು ಅವರು ಹೇಳುತ್ತಾರೆ. ಅದು ನಿಜ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಕಟ್ಟನ್ನು ಕುದಿಸಿ ಕುದಿಸಿ ಕಾಕಂಬಿಯ ಹದಕ್ಕೆ ತಂದು ಇಟ್ಟುಕೊಳ್ಳುತ್ತಾರೆ. ಆದರೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನೆಲದಲ್ಲಿ ಹುರುಳಿ ಬೆಳೆಯುವುದಿಲ್ಲ. ಅದು ಬಯಲಿನಿಂದ ಗಾಡಿಯ ಮೇಲೆ, ಸಂತೆಯ ದಾರಿಯಲ್ಲಿ, ಘಟ್ಟ ಹತ್ತಿ ಹೋಗಬೇಕಿತ್ತು. ಕೊಂಡು ತಂದ ಕಾಳಿನ ಸತ್ವವನ್ನು ಅವರು ಕೂಡಿಟ್ಟರು, ಮನೆಯಲ್ಲೇ ಬೆಳೆದ ಕಾಳನ್ನು ಬಯಲಿನವರು ದಿನದಿನಕ್ಕೆ ಬೇಯಿಸಿದರು. ಪ್ರತಿಯಾಗಿ ಬೆಟ್ಟದಿಂದ ಬಯಲಿಗೆ ಇಳಿದದ್ದು ಮೆಣಸು. ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಭಾರತಕ್ಕೆ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಸಾರಿಗೆ ಖಾರ ಬರಬೇಕಾಗಿದ್ದದ್ದು ಮೆಣಸಿನಿಂದ, ಮೆಣಸು ಬೆಳೆಯುವ ಬೆಟ್ಟ ತರೀಕೆರೆಯ ಬೆನ್ನಿಗೇ ಇದೆ. ಬಯಲಿನ ಕಾಳು, ಬೆಟ್ಟದ ಮೆಣಸು ಸೇರುವ ಗಡಿಯೂರು ತರೀಕೆರೆ. ಕೆಂಪು ಮೆಣಸಿನಕಾಯಿ ಬಂದ ಮೇಲೂ ಕಟ್ಟಿನ ಸಾರಿನ ಮಸಾಲೆಯಿಂದ ಮೆಣಸು ಹೋಗಿಲ್ಲ. ಹಳೆಯ ಸಾರಿನ ಗುರುತು ಅದರಲ್ಲಿ ಉಳಿದುಕೊಂಡಿದೆ. ತುಮಕೂರು, ಹಾಸನ, ಮಂಡ್ಯ, ಕೋಲಾರಗಳಲ್ಲೂ ಈ ಸಾರು ಇದೆ ಎಂದರೆ ಸಂತೋಷದಿಂದ ಒಪ್ಪುತ್ತೇನೆ. ರಾಗಿ, ಹುರುಳಿ, ಎತ್ತು ಮೂರೂ ಇರುವ ಕಡೆಯೆಲ್ಲ ಅದು ಇರಬೇಕು ಎಂಬುದೇ ನನ್ನ ವಾದದಿಂದ ಹೊರಡುವ ಮಾತು.

ಲಿಖಿತ ದಾಖಲೆ ಎಲ್ಲಿ ಎಂದು ಕೇಳುವವರೂ ಇದ್ದಾರೆ. ಕನ್ನಡದಲ್ಲಿ ಪಾಕದ ಬರಹ ಕಡಿಮೆಯೇನಿಲ್ಲ. ಚಾಲುಕ್ಯ ಜಯಸಿಂಹನ ಕಾಲದ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ, ಅಂದರೆ 1025ರ ಸುಮಾರಿಗೇ, ಅಡುಗೆಯ ಅಧ್ಯಾಯವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದ. ಆದರೆ ಇವು ಅರಮನೆ, ಪ್ರಭುಮನೆಗಳ ಪಾಕ. ಶಾಸನಗಳು ಭೂಮಿ, ಕೆರೆ, ತೆರಿಗೆ, ದೇವರ ನೈವೇದ್ಯ ಇವುಗಳ ಲೆಕ್ಕಕ್ಕೆ ನಿಂತವು. 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಅಮೃತಪುರದ ದೇಗುಲ ತರೀಕೆರೆಗೆ ಹತ್ತಿರದಲ್ಲೇ ಇದೆ, ಆದರೆ ಅದರ ಕಲ್ಲು ಕೆತ್ತಿದ ಕೂಲಿಯವರು ರಾತ್ರಿ ಏನು ಉಂಡರು ಎಂಬುದನ್ನು ಕಲ್ಲು ಹೇಳಬೇಕಾಗಿರಲಿಲ್ಲ. ಕನಕದಾಸರ ರಾಮಧಾನ್ಯ ಚರಿತೆ ರಾಗಿಗೆ ಅಕ್ಕಿಯ ಸಮಕ್ಕೆ ಪೀಠ ಹಾಕಿಕೊಟ್ಟಿತು. ಹುರುಳಿಗೆ ಅಂಥ ಕವಿ ಸಿಗಲಿಲ್ಲ. ಹಾಗಾಗಿ ಈ ಸಾರಿನ ಚರಿತ್ರೆಯನ್ನು ಬೆಳೆಯ ಕಾಲ, ಪಾಕದ ಕ್ರಮ, ಕಾಳಿನ ಪ್ರಮಾಣಗಳಿಂದಲೇ ಕಟ್ಟಬೇಕು. ಇದನ್ನು ಊಹೆ ಎನ್ನುವವರಿಗೆ ನಾನು ಒಂದು ಪರೀಕ್ಷೆಯನ್ನು ಮುಂದಿಡುತ್ತೇನೆ. ಸಾರು ಎತ್ತಿನಿಂದ ಬಂದದ್ದಾದರೆ, ಎತ್ತು ಹೋದ ಮೇಲೆ ಸಾರು ಬದಲಾಗಬೇಕು.

ಬದಲಾಗಿದೆ. ಕಳೆದ ನಾಲ್ಕು ದಶಕಗಳಲ್ಲಿ ಟ್ರ್ಯಾಕ್ಟರ್, ಟಿಲ್ಲರ್, ಒಕ್ಕಣೆ ಯಂತ್ರಗಳು ಕಣವನ್ನೂ ಕೊಟ್ಟಿಗೆಯನ್ನೂ ಖಾಲಿ ಮಾಡಿದವು. ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನದ ಗಾಲಿಗೆ ಒಕ್ಕುವುದನ್ನು ಈ ಸೀಮೆಯಲ್ಲಿ ಓಡಾಡಿದ ಯಾರಾದರೂ ನೋಡಿರುತ್ತಾರೆ. ದನವೆಂದರೆ ಈಗ ಹೆಚ್ಚಾಗಿ ಡೇರಿಗೆ ಹಾಲು ಹಾಕುವ ಹಸು, ಅದಕ್ಕೆ ಚೀಲದಲ್ಲಿ ಬರುವ ಪಶು ಆಹಾರ. ಎತ್ತಿನ ಹಂಡೆ ಒಲೆಯಿಂದ ಇಳಿದ ಮೇಲೆ ಕಟ್ಟಿನ ಸಾರು ನಿತ್ಯದ ಅಡುಗೆಯಾಗಿ ಉಳಿಯಲಿಲ್ಲ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮನಸ್ಸಾದಾಗ ಮಾಡುವಂಥದ್ದಾಯಿತು. ಪ್ರಮಾಣವೂ ಬದಲಾಯಿತು. ಕುಕ್ಕರಿನಲ್ಲಿ ಒಂದು ಲೋಟ ಹುರುಳಿ, ನಾಲ್ಕೈದು ಕೂಗು. ಅದಕ್ಕೆ ಹೆಚ್ಚು ನೀರು ಹಿಡಿಸದು, ಗಂಟೆಗಟ್ಟಲೆ ಇಂಗುವ ಮಾತೂ ಇಲ್ಲ. ಇಳಿಯುವ ಕಟ್ಟು ತೆಳು. ಅದನ್ನು ದಟ್ಟ ಮಾಡಲು ಬೆಂದ ಕಾಳನ್ನು ಒಂದು ಹಿಡಿಯ ಬದಲು ಅರ್ಧದಷ್ಟು ರುಬ್ಬಿ ಹಾಕುತ್ತಾರೆ, ಟೊಮೇಟೊ ಸೇರಿಸುತ್ತಾರೆ. ಅಥವಾ ಬಸಿಯುವುದನ್ನೇ ಬಿಟ್ಟು ಮೊಳಕೆ ಕಟ್ಟಿದ ಹುರುಳಿಯನ್ನು ಕಾಳಿನ ಸಮೇತ ಸಾರು ಮಾಡುತ್ತಾರೆ. ಇವೆಲ್ಲ ರುಚಿಯ ಅಡುಗೆಗಳೇ, ನಾನು ದೂರುತ್ತಿಲ್ಲ. ಆದರೆ ಕಾಳು ಮತ್ತೆ ಸಾರಿನೊಳಗೆ ಬಂದು ಕೂತದ್ದು ಅದನ್ನು ತಿನ್ನುತ್ತಿದ್ದವ ಹೋದ ಮೇಲೆ ಎಂಬುದನ್ನು ಗಮನಿಸಬೇಕು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆಯೆಂದು ಆಹಾರ ತಜ್ಞರು ಹೇಳುವಾಗ, ಅದು ಕಾಳಿನ ಮಾತು, ಕಟ್ಟಿನದಲ್ಲ. ಕಾಳನ್ನೂ ತಿನ್ನುವ ಇಂದಿನ ಮನೆ ಆ ಲೆಕ್ಕದಲ್ಲಿ ಗೆದ್ದಿದೆ. ಕಟ್ಟಿನ ದಟ್ಟತನವನ್ನು ಮಾತ್ರ ಕಳೆದುಕೊಂಡಿದೆ.

ಈ ಬದಲಾವಣೆಯ ಎರಡೂ ಬದಿಯನ್ನು ಕಂಡವರು, ಎತ್ತಿನ ಹಂಡೆಯಿಂದ ಕಟ್ಟು ಬಸಿದ ಕೈಗಳು, ಇನ್ನೂ ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿದ್ದಾರೆ. ಅವರಲ್ಲಿ ಬಹುಪಾಲು ಎಪ್ಪತ್ತು ಎಂಬತ್ತು ದಾಟಿದ ಹೆಂಗಸರು. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳು ತಮ್ಮ ಅಜ್ಜಿಯರ ಬಳಿ ಕುಳಿತು ಇದನ್ನು ಬರೆದುಕೊಳ್ಳಬೇಕು ಎಂಬುದು ನನ್ನ ಕೋರಿಕೆ. ಚಳಿಗಾಲದಲ್ಲಿ ನೀವು ಏನು ಉಣ್ಣುತ್ತಿದ್ದಿರಿ ಎಂದು ಕೇಳಿದರೆ ಮುದ್ದೆ ಸಾರು ಎಂಬ ಎರಡು ಪದದಲ್ಲಿ ಉತ್ತರ ಮುಗಿದುಹೋಗುತ್ತದೆ. ಎತ್ತಿಗೆ ಏನು ಬೇಯಿಸುತ್ತಿದ್ದಿರಿ, ಎಷ್ಟು ಸೇರು, ಯಾವ ಪಾತ್ರೆಯಲ್ಲಿ, ಕಟ್ಟನ್ನು ಯಾವಾಗ ಬಸಿಯುತ್ತಿದ್ದಿರಿ, ಅದನ್ನು ಯಾರ್ಯಾರಿಗೆ ಬಡಿಸುತ್ತಿದ್ದಿರಿ ಎಂದು ಕೇಳಿ.